ನಮ್ಮೂರ ಹೊಸ ಒಕ್ಕಲು

ಮೂಡಲಪಾಳ್ಯ
೧೪-೩-೨೦೦೪, ಭಾನುವಾರ

ಮಾನಸಾ,

ನಿನ್ನ ಸೋದರಮಾವ ಮುನಿವೆಂಕಟಪ್ಪನ ತುಂಬು ಆಶೀರ್ವಾದ. ಅರ್ಧ ನೀನಿಟ್ಟುಕೊಂಡು ಅರ್ಧ ನಿನ್ನ ಗಂಡ ಹನುಮೇಶನಿಗೆ ಕೊಡು.

ಎರಡು ಬೀದಿ ಆಚೆ ಇರುವ ಸೋದರಸೊಸೆಗೆ ಅಂಚೆಯಲ್ಲಿ ಕಾಗದ ಹಾಕುವ ಗಂಡಸು ಇಡೀ ಬೆಂಗಳೂರಿನಲ್ಲಿ ನಾನೊಬ್ಬನೇ ಇರಬೇಕು. ಏನು ಮಾಡಲಿ? ಫೋನು ಮಾಡಿದರೆ ಇಟ್ಟುಬಿಡುತ್ತೀಯ, ಬಂದರೆ ಬಾಗಿಲು ತೆಗೆಯುವುದಿಲ್ಲ. ಕೊಪ್ಪಳದ ಕಡೆಯ ಹುಡುಗನನ್ನು ಮದುವೆಯಾದೆಯೆಂದು ನಿಮ್ಮಮ್ಮ ಮುಖ ತಿರುಗಿಸಿದಳು, ಸರಿ. ಅದಕ್ಕೆ ನನ್ನ ಮೇಲೇಕೆ ಸಿಟ್ಟು? ಕಾಗದವನ್ನು ಹರಿದು ಹಾಕುವ ಮೊದಲು ಒಂದು ಸಲವಾದರೂ ಓದುತ್ತೀಯ. ನನ್ನ ಅಕ್ಷರ ಅಂಥದ್ದು. ಹಳ್ಳಿ ಸ್ಕೂಲಿನಲ್ಲಿ ಮೇಷ್ಟ್ರು ನನ್ನ ಸ್ಲೇಟನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದರು.

ಮುಂದಿನ ವಾರ ಮಂಗಳವಾರ ಊರಮ್ಮನಿಗೆ ತಂಬಿಟ್ಟಿನಾರತಿ. ಒಕ್ಕಲಿಗೊಂದು ಆರತಿ. ಗುಡಿ ಮುಂದೆ ಹೆಸರು ಕೂಗಿದ ಮನೆಯವರೇ ಹೊರಬೇಕು. ಬಾಡಿಗೆ ಮನೆಯವರನ್ನು ಇದುವರೆಗೆ ಕೂಗಿದ್ದಿಲ್ಲ. ನಿನ್ನೆ ಅರಳಿಕಟ್ಟೆ ಪಂಚಾಯ್ತಿಯಲ್ಲಿ ನಾನು, "ಹನುಮೇಶನ ಒಕ್ಕಲೂ ಸೇರಿಸ್ಕಳಿ" ಅಂದೆ. ಯಜಮಾನ ಚಿಕ್ಕಹೊನ್ನಪ್ಪ ಎಗರಿಬಿದ್ದ.

"ಏನಯ್ಯಾ ಮುನಿವೆಂಕಟ, ಸ್ವಂತ ಗೋಡೆ ಇಲ್ದೋರು ಒಕ್ಕಲು ಹೆಂಗಾಗ್ತಾರೆ? ನಾಳೆ ಗಂಟುಮೂಟೆ ಕಟ್ಕಂಡು ಹೊಂಟೋಗ್ತಾರೆ!"

ಆಗ ನಾನು ಬಿಟ್ಟೆನೇ? "ಒಕ್ಕಲು ಅಂದ್ರೆ ಗೋಡೆ ಅಲ್ಲ ಕಣಣ್ಣ, ಒಲೆ. ನಿನ್ ಮಹಡಿ ಮನೇಲಿ ನಾಲ್ಕು ಮಕ್ಳು ನಾಲ್ಕು ಒಲೆ ಹಚ್ತಾರೆ, ಒಬ್ರ ಸಾರು ಒಬ್ರು ಮುಟ್ಟಲ್ಲ. ಆದ್ರೂ ಒಂದೇ ಆರತಿ ತತ್ತೀಯ. ಆ ಹುಡುಗಿ ಮನೇಲಿ ಇರೋದೇ ಒಂದು ಒಲೆ, ಇಬ್ರೂ ಒಂದೇ ಪಾತ್ರೆಯಿಂದ ಬಡಿಸ್ಕಂಡು ಉಣ್ತಾರೆ. ಅದು ಒಕ್ಕಲಲ್ಲ ಅಂದ್ರೆ ನಿಂದ್ಯಾವುದು?"

ಅರಳಿಕಟ್ಟೆಯೆಲ್ಲ ನಕ್ಕಿತು. ಚಿಕ್ಕಹೊನ್ನಪ್ಪನ ಸ್ವಂತ ಸೊಸೆಯೇ ಸೆರಗು ಬಾಯಿಗಿಟ್ಟುಕೊಂಡಳು. ಕೊನೆಗೆ ಅವನು, "ಆಯ್ತು, ಕೂಗ್ತೀವಿ. ಕೂಗಿದ್ಮೇಲೆ ಬರ್ಲಿಲ್ಲ ಅಂದ್ರೆ ಇನ್ಯಾವತ್ತೂ ಈ ಮಾತು ಎತ್ಬೇಡ" ಅಂದ.

ಈಗ ಎಲ್ಲ ನಿನ್ನ ಕೈಯಲ್ಲಿದೆ. ಹೆಸರು ಕೂಗಿದಾಗ ಆ ಜಾಗ ಖಾಲಿಯಿದ್ದರೆ ನನ್ನ ಮೀಸೆಯ ಗತಿ ಏನೆಂದು ಯೋಚಿಸು. ಆರತಿ ನೀನು ಹೊರು, ಅವನು ಪಕ್ಕದಲ್ಲಿ ನಡೆಯಲಿ. ತಂಬಿಟ್ಟನ್ನು ಅಕ್ಕಿಹಿಟ್ಟಿನಲ್ಲೇ ಮಾಡಬೇಕೆಂದು ಅವನಿಗೆ ತಿಳಿಸು, ಜೋಳದ ಹಿಟ್ಟು ತಂದಾನು. ಹುಡುಗ ಒಳ್ಳೆಯವನೇ. ಮೊನ್ನೆ ಬಸ್‌ಸ್ಟಾಪಿನಲ್ಲಿ, "ಆರಾಮ್ ಅದೀರೇನ್ರೀ ಮಾವಾರ?" ಎಂದು ಕೇಳಿದ. ನನ್ನನ್ನು ಅಷ್ಟು ಮರ್ಯಾದೆಯಿಂದ ನಮ್ಮ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ.

ಬಾಗಿಲ ಕಡೆ ನೋಡುತ್ತಿರುವ,
ನಿನ್ನ ಮಾವ
ಮುನಿವೆಂಕಟಪ್ಪ

ಇನ್ನೊಂದು ಮಾತು: ಆ ಒಲೆಯ ಮಾತು ನಾನಾಡಿದ್ದಲ್ಲ. ಚಿಕ್ಕಹೊನ್ನಪ್ಪ ಎಗರಿದಾಗ ನಾನು ಟವೆಲು ಕೊಡವಿಕೊಂಡು ಕೂತುಬಿಟ್ಟಿದ್ದೆ. ಹೆಂಗಸರ ಸಾಲಿನಿಂದ ಎದ್ದು ನಿಂತು ಅಷ್ಟನ್ನೂ ಆಡಿದವಳು ನಿಮ್ಮಮ್ಮ. ನಿನಗೆ ತಿಳಿಸಕೂಡದೆಂದು ಆಣೆ ಹಾಕಿಸಿದ್ದಾಳೆ. ಬೆಳಗ್ಗೆ ನೋಡಿದರೆ, ಎರಡು ಆರತಿಗಾಗುವಷ್ಟು ಅಕ್ಕಿ ತೊಳೆದು ಮಹಡಿ ಮೇಲೆ ಒಣಹಾಕಿ, ಕಾಗೆ ಓಡಿಸುತ್ತಾ ಕೂತಿದ್ದಳು.