ಅಪ್ಪನ ಕೋಟಿನ ಬ್ರಷ್

ಮಾರ್ಚ್ ೧೧, ಮಂಗಳವಾರ

ಬೆಕ್ಕಿನ ಮೈ ಜಿಡ್ಡುಗಟ್ಟಿ ವಾಸನೆ ಬರುತ್ತಿತ್ತು. ದರ್ಜಿಯಾಗಿದ್ದ ಅಪ್ಪ ಅಂಗಡಿಯಲ್ಲಿ ಸಾಕಿದ್ದ ಬೆಕ್ಕು, ಅವರು ತೀರಿಕೊಂಡ ಮೇಲೆ ನಾನೇ ತಂದಿಟ್ಟುಕೊಂಡಿದ್ದೇನೆ; ಬ್ರಷ್ ಕಂಡರೆ ಸಾಕು, ಮಂಚದಡಿ ಸೇರುತ್ತದೆ. ನಿನ್ನೆ ಸ್ನಾನ ಮಾಡಿಸಲು ಹೋಗಿ ಎರಡೂ ಕೈ ಪರಚಿಸಿಕೊಂಡೆ. ಇವತ್ತು ಅಕ್ಕನಿಗೆ ಫೋನಿನಲ್ಲಿ ಹೇಳಿದರೆ ಬಿದ್ದು ಬಿದ್ದು ನಕ್ಕಳು.

"ಅಪ್ಪ ಅದಕ್ಕೆ ಒಂದಿನಾನೂ ಸ್ನಾನ ಮಾಡಿಸಿಲ್ಲ ಕಣೋ. ಗಿರಾಕಿಗಳ ಕೋಟಿಗೆ ಕೂದಲು ಅಂಟುತ್ತೆ ಅಂತ ದಿನಾ ಒದ್ದೆ ಬಟ್ಟೇಲಿ ಒರೆಸಿ ಬ್ರಷ್ ಮಾಡ್ತಿದ್ರು, ಅಷ್ಟೇ."

ಸಂಜೆ ಅಪ್ಪನ ಹೊಲಿಗೆ ಪೆಟ್ಟಿಗೆಯಿಂದ ಆ ಬ್ರಷ್ಷನ್ನೇ ತೆಗೆದೆ. ಹಿಡಿಯ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಪುಡಿ ಇನ್ನೂ ಇತ್ತು. ಅಳತೆ ತೆಗೆಯುವಾಗ ಅಪ್ಪ ಹೇಳುತ್ತಿದ್ದ ಮಾತು ನೆನಪಾಯಿತು. ಗಿರಾಕಿಗೂ ಬೆಕ್ಕಿಗೂ ಒಂದೇ ಮರ್ಯಾದೆ, ನನಗೆ ಮಾತ್ರ "ನೆಟ್ಟಗೆ ನಿಂತ್ಕೊಳೋ, ಕತ್ತೆ!"

ಮಂಚದಡಿ ಬಗ್ಗಿ ಅಪ್ಪನ ಆ ಮಾತನ್ನೇ ಅಂದೆ: "ಸ್ವಲ್ಪ ಈ ಕಡೆ ತಿರುಗಿ, ಸಾರ್."

ಬಂತು. ನನ್ನ ಮುಂದೆ ಕೂತು ಗದ್ದ ಎತ್ತಿತು. ಮೈಯೆಲ್ಲ ಒರೆಸಿ, ಬಾಲದವರೆಗೆ ಬ್ರಷ್ ಎಳೆದೆ. ಮಿಸುಕಾಡಲಿಲ್ಲ.

"ಈಗ ಆ ಕಡೆ, ಸಾರ್."

ತಿರುಗಿತು. ತಿರುಗಿ, ಬಾಗಿಲನ್ನೇ ನೋಡುತ್ತ ಕೂತುಬಿಟ್ಟಿತು. ಬ್ರಷ್ ಹಿಡಿದುಕೊಂಡು ನಾನೂ ಎಷ್ಟೋ ಹೊತ್ತು ಆ ಕಡೆಯೇ ನೋಡುತ್ತ ಕೂತೆ.