ಡ್ರ್ಯಾಗನ್ನಿನ ಹೆಬ್ಬೆರಳು

ಗುರುವಾರ, ಸಂಜೆ

ಸಿಟ್ಟಿನ ಸರದಾರನಿಗೆ,

ನೀನು ಹೊಟ್ಟೆ ತುಂಬ ಉಂಡು, ಮುಖ ಊದಿಸಿಕೊಂಡು ಕೂತಿದ್ದೀಯೆಂದು ನಿಮ್ಮಕ್ಕನೇ ಹೇಳಿದರು. ನನ್ನ ಫೋನನ್ನಂತೂ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ.

ಮ್ಯೂಸಿಯಮ್ಮಿನ ಮಕ್ಕಳ ವಿಭಾಗಕ್ಕೆ ನೀನು ಮಾಡಿದ ಡ್ರ್ಯಾಗನ್ ಬಹಳ ಚೆನ್ನಾಗಿತ್ತು. ಮೊದಲು ಅದನ್ನೇ ಹೇಳಬೇಕಿತ್ತು. ಆದರೆ ನಿರ್ದೇಶಕರು ನನ್ನ ಕಡೆ ತಿರುಗಿ, ‘ಪ್ರಾಣಿಶಾಸ್ತ್ರದ ಮೇಡಂ ಏನಂತೀರಿ?’ ಎಂದುಬಿಟ್ಟರು. ಪಕ್ಕದ ಫಲಕದಲ್ಲಿ ‘ಡ್ರ್ಯಾಗನ್ ನಿಜವಾಗಿ ವಿಕಾಸಗೊಂಡಿದ್ದರೆ?’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಇಲ್ಲಿ ನೋಡಿದರೆ ನಾಲ್ಕು ಕಾಲು, ಮೇಲೆ ಎರಡು ರೆಕ್ಕೆ! ಬೆನ್ನುಮೂಳೆಯ ಪ್ರಾಣಿಗೆ ಎರಡೇ ಜೊತೆ ಕೈಕಾಲು, ರೆಕ್ಕೆ ಬೇಕೆಂದರೆ ಮುಂಗಾಲೇ ರೆಕ್ಕೆಯಾಗಬೇಕು, ಹಕ್ಕಿಗೂ ಬಾವಲಿಗೂ ಆದದ್ದು ಅದೇ ಎಂದೆ. ನೀನು ಎಲ್ಲರೆದುರು, ‘ಅದು ಡ್ರ್ಯಾಗನ್ ಕಣೇ, ನಿನ್ನ ಕಾಲೇಜಿನ ಕಪ್ಪೆ ಅಲ್ಲ!’ ಎಂದು ಕೂಗಿ, ಕುಂಚ ಎಸೆದು ಹೊರಟೇಹೋದೆ. ಹೇಳಿದ ಮಾತಿಗೆ ಕ್ಷಮೆ ಕೇಳುವುದಿಲ್ಲ. ಹೇಳಿದ ಜಾಗಕ್ಕೆ ಕೇಳುತ್ತೇನೆ.

ಆಮೇಲಿನದ್ದು ಕೇಳು. ನಿರ್ದೇಶಕರ ಅಪ್ಪಣೆಯಂತೆ ಬಡಗಿ ಗರಗಸ ಹಿಡಿದು ಮುಂಗಾಲುಗಳನ್ನು ಕೊಯ್ದ. ಎರಡನೆಯದು ಕಳಚಿದ್ದೇ ತಡ, ಡ್ರ್ಯಾಗನ್ ಮುಗ್ಗರಿಸಿ ಬಿತ್ತು. ‘ಮೇಡಂ, ನಿಮ್ಮ ವಿಜ್ಞಾನ ನಿಲ್ತಾ ಇಲ್ಲ’ ಎಂದ. ಬಾವಲಿ ರೆಕ್ಕೆ ಮಡಚಿ ಮಣಿಕಟ್ಟು ಊರಿ ನಡೆಯುತ್ತದೆಂದು ಎಷ್ಟು ವಿವರಿಸಿದರೂ ಅವನ ತಲೆಗೆ ಹೋಗಲಿಲ್ಲ. ಕೊನೆಗೆ ನಾನೇ ಹಳೆಯ ಬೆಡ್‌ಶೀಟು ಹೊದ್ದು ನೆಲದ ಮೇಲೆ ಅಂಬೆಗಾಲಿಟ್ಟೆ. ಮೊಣಕೈ ಮೇಲೆತ್ತಿ, ಕತ್ತು ಚಾಚಿ, ಅರ್ಧ ವರ್ಕ್‌ಶಾಪ್ ದಾಟಿದ್ದೆ. ಎದುರಿಗೆ ಹೊಳೆಯುವ ಬೂಟುಗಳು ಕಂಡವು. ನಿರ್ದೇಶಕರು, ಪಕ್ಕದಲ್ಲಿ ನಮ್ಮ ಪ್ರಿನ್ಸಿಪಾಲರು! ಇಬ್ಬರೂ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು. ಏನಿದೆಂದು ಕೇಳಿದ್ದರೇ ವಾಸಿಯಿತ್ತು.

ಅಂತೂ ರೆಕ್ಕೆ ಊರಿಕೊಂಡು ಡ್ರ್ಯಾಗನ್ ನಿಂತಿತು. ಇವತ್ತು ಮಕ್ಕಳು ಬಂದರು. ನಾನು ವಿಕಾಸದ ಪಾಠವನ್ನೆಲ್ಲ ಒಪ್ಪಿಸಿದ ಮೇಲೆ, ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು, ‘ಕೈಯೆಲ್ಲ ರೆಕ್ಕೆ ಆಗೋದ್ರೆ, ಅತ್ತಾಗ ಕಣ್ಣು ಹೇಗೆ ಒರೆಸ್ಕೊಳ್ಳತ್ತೆ?’ ಎಂದಳು. ಡ್ರ್ಯಾಗನ್ ಅಳುವುದಿಲ್ಲ ಎನ್ನಲು ಹೊರಟವಳು, ನೀನು ಬರೆದ ಆ ಕಣ್ಣು ನೋಡಿ ಮಾತು ಬದಲಿಸಿದೆ. ಬಾವಲಿಯ ಹೆಬ್ಬೆರಳು ರೆಕ್ಕೆಯ ಪೊರೆಗೆ ಸೇರದೆ ಹೊರಗೇ ಇರುತ್ತದೆ, ಇದೂ ಅದರಿಂದಲೇ ಒರೆಸಿಕೊಳ್ಳುತ್ತದೆ ಎಂದೆ. ಅವಳು ಡ್ರ್ಯಾಗನ್ನಿಗೆ ಒಂದು ಸುತ್ತು ಹಾಕಿ ಬಂದು, ‘ಇದಕ್ಕೆ ಹೆಬ್ಬೆರಳೇ ಇಲ್ವಲ್ಲ ಆಂಟಿ’ ಎಂದಳು.

ಹಾಗಾಗಿ ನೀನು ಬರಬೇಕು. ನಾನು ಕಾಗದ ಅರೆದು ಹೆಬ್ಬೆರಳು ಮಾಡಲು ಹೋಗಿ ಬದನೆಕಾಯಿ ಮಾಡಿದ್ದೇನೆ. ಬೇರೆ ಯಾರಿಂದಲೂ ಆಗದ ಕೆಲಸ ಇದು. ಮ್ಯೂಸಿಯಮ್ಮಿನ ಮರ್ಯಾದೆಯ ಪ್ರಶ್ನೆ, ನನ್ನದೇನಿಲ್ಲ.

ಇಂತಿ,
ನಿನ್ನ ಮೂಳೆ ಮೇಡಂ

ತಾ.ಕ.: ಹೆಬ್ಬೆರಳನ್ನು ಬಡಗಿ ಮಧ್ಯಾಹ್ನವೇ ಮಾಡಿ ಕೂರಿಸಿದ. ಚೆನ್ನಾಗಿಯೇ ಇದೆ. ಆದರೂ ಬಾ.