ಸೀಸೆಯಪ್ಪನ ಗಿಟಾರು

ಚಾಮರಾಜಪೇಟೆ, ಬೆಂಗಳೂರು
೧೨ ನವೆಂಬರ್ ೨೦೨೫, ಬುಧವಾರ

ಪ್ರೀತಿಯ ಅತ್ತೆಯವರಿಗೆ,

ಅನಸೂಯಳ ನಮಸ್ಕಾರಗಳು. ಮಂಡಿ ನೋವು ಹೇಗಿದೆ? ಹೊಸಕೋಟೆಯಲ್ಲಿ ಬೆಳಗಿನ ಚಳಿ ಇಲ್ಲಿಗಿಂತ ಜಾಸ್ತಿ. ಹಾಸಿಗೆಯಿಂದ ಇಳಿಯುವ ಮೊದಲೇ ಕಾಲುಚೀಲ ಹಾಕಿಕೊಳ್ಳಿ. ‘ನಾನೇನ್ ಇಸ್ಕೂಲ್ ಹುಡ್ಗೀನಾ’ ಎಂದು ನೀವು ಅನ್ನುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಬಿ.ಪಿ. ಮಾತ್ರೆಯನ್ನು ತಿಂಡಿ ಆದಮೇಲೆ ತೆಗೆದುಕೊಳ್ಳುತ್ತಿದ್ದೀರಿ ತಾನೆ? ನಿಮ್ಮ ಚಿಕ್ಕ ಮಗ ಅನಿಲನಿಗೆ ಹೇಳಿದ್ದೇನೆ, ಆದರೆ ಅವನಿಗೆ ತನ್ನ ಮಾತ್ರೆಯೇ ನೆನಪಿರುವುದಿಲ್ಲ. ನಿಮ್ಮ ಕಿವಿಯ ಮಿಷನ್ನಿನ ಸೆಲ್ಲು ಇಷ್ಟು ಹೊತ್ತಿಗೆ ಮುಗಿದಿರಬೇಕು. ಗಗನಾ ಕೈಯಲ್ಲಿ ಹೊಸದು ಕಳಿಸುತ್ತಿದ್ದೇನೆ. ಜೊತೆಗೆ ಒಂದು ಸೇರು ಕಡಲೆಕಾಯಿ. ಬುಲ್ ಟೆಂಪಲ್ ರಸ್ತೆಯಲ್ಲಿ ಪರಿಷೆಗೆ ಆಗಲೇ ರಾಶಿ ಹಾಕಿದ್ದಾರೆ. ಬೇಯಿಸಿಕೊಂಡರೆ ನಿಮ್ಮ ಹಲ್ಲಿಗೂ ಆದೀತು.

ನಿಮ್ಮ ಮೊಮ್ಮಗಳು ಗಗನಾ ಕಾಲೇಜಿನ ಕೆಲಸಕ್ಕೆಂದು ಬಂದವಳು ಎರಡು ದಿನ ನನ್ನ ಜೊತೆ ಇದ್ದಳು, ಸಂಜೆ ಹೊರಡುತ್ತಾಳೆ. ಅವಳ ಕೈಯಲ್ಲೇ ಈ ಕಾಗದ ಕೊಡುತ್ತೇನೆ. ಆದರೆ ಅವಳಿಂದ ಓದಿಸಬೇಡಿ. ನೀವೇ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, ಅದಕ್ಕೆಂದೇ ಅಕ್ಷರ ದಪ್ಪಗೆ ಬರೆಯುತ್ತಿದ್ದೇನೆ. ನಾನು ಫೋನ್ ಮಾಡಿದಾಗಲೆಲ್ಲ ನೀವು ‘ಅನ್ಸೂಯಾನಾ? ತಗೋ ಮಾತಾಡು’ ಎಂದು ಅನಿಲನ ಕೈಗೆ ಕೊಟ್ಟುಬಿಡುತ್ತೀರಿ. ನಿಮ್ಮನ್ನು ದೂರುತ್ತಿಲ್ಲ. ನೀವು ಒಂದು ಪ್ರಶ್ನೆ ಕೇಳಿ ಹೋದಿರಿ, ನಾನು ಉತ್ತರ ಕೊಡಲಿಲ್ಲ. ಉತ್ತರ ಬಾರದೆ ನೀವು ಮಾತಾಡುವುದು ಹೇಗೆ?

ದೀಪಾವಳಿಯ ದಿನ ನೀವು ಎದುರು ಮನೆ ಬೈರಮ್ಮನವರ ಜಗಲಿಯಲ್ಲಿ ಕೂತಿದ್ದಿರಿ. ವರ್ಷ ತುಂಬುವವರೆಗೆ ನಮ್ಮ ಮನೆಗೆ ಹಬ್ಬವಿಲ್ಲ, ದೀಪವೂ ಹಚ್ಚಿರಲಿಲ್ಲ. ಬೀದಿಯಲ್ಲೆಲ್ಲ ಪಟಾಕಿ. ನಾನು ಒಳಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಫೋನನ್ನು ಸಾಂಬಾರ್ ಡಬ್ಬಿಗೆ ಒರಗಿಸಿ ಹಾಡು ಹಾಕಿದ್ದೆ, ಪಟಾಕಿಗೆ ಸರಿಯಾಗಿ ಜೋರಾಗಿಯೇ ಇಟ್ಟಿದ್ದೆ. ಯಾವಾಗ ಸೌಟು ಕೆಳಗಿಟ್ಟೆನೋ, ಯಾವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆನೋ ನನಗೇ ಗೊತ್ತಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ನೀವು. ಪಟಾಕಿ ಸದ್ದಿಗೆಂದು ನೀವು ಕಿವಿಯ ಮಿಷನ್ ತೆಗೆದಿಟ್ಟಿದ್ದಿರಿ. ಹಾಗಾಗಿ ಹಾಡು ನಿಮಗೆ ಕೇಳಿಸಿರಲಾರದು. ಮಗ ಸತ್ತು ಎಂಟು ತಿಂಗಳಾಗಿರುವ ಮನೆಯಲ್ಲಿ ಐವತ್ತಾರು ವರ್ಷದ ಸೊಸೆ ಒಬ್ಬಳೇ ಕುಣಿಯುತ್ತಿದ್ದಾಳೆ. ನಿಮಗೆ ಕಂಡದ್ದು ಅಷ್ಟೇ. ‘ನನ್ ಮಗ ಹೋಗಿದ್ದು ನಿಂಗೆ ಹಬ್ಬ ಆಯ್ತೇನಮ್ಮಿ?’ ಎಂದಿರಿ. ರವೆ ಸೀದುಹೋಯಿತು. ಮಾರನೆಯ ಬೆಳಿಗ್ಗೆ ಅನಿಲ ಕಾರು ತಂದ, ನೀವು ಬ್ಯಾಗು ಹಿಡಿದು ಹೋದಿರಿ. ನಾನು ತಡೆಯಲಿಲ್ಲ. ತಡೆಯಲು ಬಾಯಿ ತೆರೆದರೆ ಉತ್ತರ ಹೇಳಬೇಕಾಗುತ್ತಿತ್ತು.

ಆ ಹಾಡು ನನ್ನ ಕಿವಿಗೆ ಬಿದ್ದದ್ದು ಇವರ ಡಯಾಲಿಸಿಸ್ ಶುರುವಾದ ಹೊಸತರಲ್ಲಿ. ಸೋಮವಾರ, ಬುಧವಾರ, ಶುಕ್ರವಾರ ನಾವಿಬ್ಬರೂ ಆಟೋದಲ್ಲಿ ಹೋಗುತ್ತಿದ್ದೆವಲ್ಲ, ನೀವು ಬಾಗಿಲಲ್ಲಿ ನಿಂತು ನೋಡುತ್ತಿದ್ದಿರಿ. ಇವರನ್ನು ಒಳಗೆ ಮಿಷನ್ನಿಗೆ ಹಾಕಿದ ಮೇಲೆ ನಾಲ್ಕು ಗಂಟೆ ನಾನು ಹೊರಗಿನ ಹಾಲಿನಲ್ಲಿ ಕುರ್ಚಿಯ ಮೇಲೆ. ಮೊದಲ ವಾರ ಆ ಕೊಳವೆಯಲ್ಲಿ ಇವರ ರಕ್ತ ಸುತ್ತುವುದನ್ನು ನೋಡಿ ಬಂದು ಅಳುತ್ತಾ ಕೂತಿದ್ದೆ. ಪಕ್ಕದಲ್ಲಿ ಶೈಲಜಮ್ಮ ಎಂಬುವರು ಇದ್ದರು, ಎನ್.ಆರ್. ಕಾಲೋನಿಯವರು, ಟೈಪಿಂಗ್ ಹೇಳಿಕೊಡುತ್ತಿದ್ದವರಂತೆ. ಅವರ ತಮ್ಮ ಗೌರೀಶ್ ಇವರ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದರು. ಶೈಲಜಮ್ಮ ತಮ್ಮದೇ ಒಂದು ಕಿವಿಯಿಂದ ಇಯರ್‌ಫೋನ್ ತೆಗೆದು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟು, ‘ಸುಮ್ನೆ ಕೇಳ್ರೀ, ಇದ್ರಲ್ಲಿ ಅರ್ಥ ಮಾಡ್ಕೊಳೋಕೆ ಏನಿಲ್ಲ’ ಎಂದರು.

ಮೊದಲ ಸಲ ಬೆಕ್ಕಿನ ಬಾಲ ತುಳಿದ ಹಾಗಿತ್ತು. ಮರ್ಯಾದೆಗೆ ಕೂತು ಕೇಳಿದೆ. ಅಮೆರಿಕದ ದಕ್ಷಿಣ ಸೀಮೆಯ ಒಬ್ಬ ಗಿಟಾರಿನವನಂತೆ, ಆ ಬಗೆಯ ಸಂಗೀತಕ್ಕೆ ಸದರನ್ ರಾಕ್ ಅನ್ನುತ್ತಾರಂತೆ. ಅಲ್ಲೂ ಕೆಂಪು ಮಣ್ಣು, ಅಲ್ಲೂ ಕಡಲೆಕಾಯಿ ಬೆಳೆಯುತ್ತಾರಂತೆ ಅತ್ತೆ, ನಿಮ್ಮ ಹೊಲದ ಹಾಗೆ. ನಾನು ಹುಟ್ಟುವ ಹೊತ್ತಿಗೇ ಅವನು ದೊಡ್ಡ ಹೆಸರು ಮಾಡಿದ್ದನಂತೆ. ಆ ಹೆಸರು ನನ್ನ ಬಾಯಲ್ಲಿ ತಿರುಗುವುದಿಲ್ಲ. ಅವನು ಬೆರಳಿಗೆ ಸಣ್ಣದೊಂದು ಗಾಜಿನ ಸೀಸೆ ಸಿಕ್ಕಿಸಿಕೊಂಡು ಅದನ್ನು ತಂತಿಯ ಮೇಲೆ ಜಾರಿಸುತ್ತಾನೆ. ಅದಕ್ಕೇ ಅವನನ್ನು ನಾನು ಸೀಸೆಯಪ್ಪ ಎನ್ನುತ್ತೇನೆ. (ಕುಡಿಯುವ ಸೀಸೆಯಲ್ಲ, ಔಷಧಿ ಸೀಸೆ. ಗಾಬರಿಯಾಗಬೇಡಿ.) ಸೀಸೆ ಜಾರುವಾಗ ಸ್ವರ ಒಂದರಿಂದ ಇನ್ನೊಂದಕ್ಕೆ ಎಗರುವುದಿಲ್ಲ, ಅಳು ತಡೆದುಕೊಂಡು ಮಾತಾಡುವವರ ದನಿಯ ಹಾಗೆ ಎಳೆದುಕೊಂಡು ಹೋಗುತ್ತದೆ. ಜೊತೆಗೆ ಇನ್ನೊಂದು ಗಿಟಾರು. ಇವನು ಅರ್ಧ ಹೇಳಿದ್ದನ್ನು ಅವನು ಮುಗಿಸುತ್ತಾನೆ, ಮತ್ತೆ ಇವನು ಎತ್ತಿಕೊಳ್ಳುತ್ತಾನೆ. ಒಂದೊಂದು ಹಾಡು ಇಪ್ಪತ್ತು ನಿಮಿಷಕ್ಕೂ ಜಾಸ್ತಿ, ಅದರಲ್ಲಿ ಮಾತು ಎಂಬುದೇ ಇಲ್ಲ. ರಾಮನವಮಿ ಕಛೇರಿ ನಡೆಯುವ ಕೋಟೆ ಹೈಸ್ಕೂಲಿನ ಮುಂದೆ ಎಷ್ಟು ವರ್ಷ ತರಕಾರಿ ಚೀಲ ಹಿಡಿದು ಹಾದು ಹೋಗಿದ್ದೇನೆ, ಒಂದು ದಿನ ಒಳಗೆ ಕಾಲಿಟ್ಟವಳಲ್ಲ. ಸಂಗೀತ ನನ್ನಂಥವಳಿಗಲ್ಲ ಎಂದುಕೊಂಡಿದ್ದೆ. ಈ ವಯಸ್ಸಿನಲ್ಲಿ, ಆ ಫಿನಾಯಿಲ್ ವಾಸನೆಯ ಹಾಲಿನಲ್ಲಿ, ಅದು ನನ್ನನ್ನು ಹಿಡಿದುಕೊಂಡಿತು. ನಿಮ್ಮ ಸೋಬಾನೆ ಪದಕ್ಕೂ ಅದಕ್ಕೂ ಹೋಲಿಕೆ ಕಟ್ಟಿ ನಿಮ್ಮನ್ನು ಒಲಿಸಿಕೊಳ್ಳಬಹುದಿತ್ತು. ಹೋಲಿಕೆ ಇಲ್ಲ. ನಿಮಗೆ ಅದು ಹಿಡಿಸುವುದೂ ಇಲ್ಲ.

ಇನ್ನು ಬರೆಯುವುದು ಕಷ್ಟ. ಅತ್ತೆ, ನಾನು ಆ ದಿನಗಳಿಗಾಗಿ ಕಾಯತೊಡಗಿದೆ. ಶನಿವಾರ, ಭಾನುವಾರ ಎರಡು ದಿನ ಬಿಡುವಾಗಿ ಇವರ ಕಾಲು ಊದಿಕೊಳ್ಳುತ್ತಿತ್ತು, ಭಾನುವಾರ ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು, ದಿಂಬು ಒರಗಿಸಿ ಕೂರಿಸುತ್ತಿದ್ದೆವು. ನೀವು ಬೆನ್ನು ನೀವುತ್ತಿದ್ದಿರಿ. ಸೋಮವಾರ ಬೆಳಿಗ್ಗೆ ಕನ್ನಡಿ ಮುಂದೆ ತಲೆ ಬಾಚಿಕೊಳ್ಳುವಾಗ ನಾನು ಗುನುಗುತ್ತಿದ್ದೆ. ಅವರಿಗೆ ಸೂಜಿ ಚುಚ್ಚುವ ದಿನ ನನಗೆ ಹಾಡು ಕೇಳುವ ದಿನ. ಮನೆಯಲ್ಲಿ ಕೇಳಲು ನಾಚಿಕೆ, ಬಿಡುವೂ ಇಲ್ಲ. ಮಿಷನ್ ಬೇಗ ಮುಗಿಯಲಿ ಎಂದು ಬೇಡಿಕೊಳ್ಳಬೇಕಾದವಳು, ಇನ್ನೊಂದು ಹಾಡಿಗೆ ಹೊತ್ತಿದೆಯಲ್ಲ ಎಂದು ಗಡಿಯಾರ ನೋಡುತ್ತಿದ್ದೆ. ನಮ್ಮ ಮದುವೆಯಾಗಿ ಮೂವತ್ತು ವರ್ಷದ ಮೇಲಾಯಿತು. ಮಕ್ಕಳಾಗಲಿಲ್ಲ, ಅದಕ್ಕೆ ನೀವಾಗಲಿ ಅವರಾಗಲಿ ಒಂದು ದಿನ ನನ್ನನ್ನು ನೋಯಿಸಲಿಲ್ಲ. ಅಷ್ಟು ವರ್ಷದಲ್ಲಿ ನನಗಾಗಿ ಮಾತ್ರ ಎಂದು ನಾನು ಇಟ್ಟುಕೊಂಡ ಹೊತ್ತು ಇದೊಂದೇ. ಅದು ಅವರ ಅತಿ ಕೆಟ್ಟ ಹೊತ್ತಾಗಿತ್ತು.

ಅವರಿಗೆ ಗೊತ್ತಿತ್ತು. ಒಂದು ಸೋಮವಾರ ಗವಿಪುರದ ತಿರುವಿನಲ್ಲಿ ಆಟೋ ನಿಂತಿದ್ದಾಗ ನನ್ನ ಕಡೆ ನೋಡಿ, ‘ಸೋಮವಾರ ಬಂದ್ರೆ ನಿನ್ ಮುಖಕ್ಕೊಂದು ಕಳೆ ಬರುತ್ತೆ ಕಣೆ’ ಎಂದರು. ನಾನು ನಕ್ಕುಬಿಟ್ಟೆ. ಅವರೂ ನಕ್ಕರೋ ಇಲ್ಲವೋ ನೋಡಲಿಲ್ಲ, ಹಸಿರು ದೀಪ ಬಿತ್ತು. ಆ ಮಾತನ್ನು ಅವರು ಸಂತೋಷದಿಂದ ಹೇಳಿದರೋ, ನೊಂದು ಹೇಳಿದರೋ? ಈಗ ಯಾರನ್ನು ಕೇಳಲಿ? ಇನ್ನೊಂದು ದಿನ ಕಾಫಿ ಕೊಡಲು ಒಳಗೆ ಬಿಟ್ಟಾಗ ಧೈರ್ಯ ಮಾಡಿ ಇಯರ್‌ಫೋನನ್ನು ಅವರ ಕಿವಿಗೇ ಇಟ್ಟೆ. ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವರ ಕಿವಿ ನಿಮಗೆ ಗೊತ್ತಲ್ಲ, ಸದ್ದು ಕೇಳಿಯೇ ರೋಗ ಹೇಳುತ್ತಿದ್ದರು. ಕಣ್ಣು ಮುಚ್ಚಿ ಸುಮಾರು ಹೊತ್ತು ಕೇಳಿ, ‘ಬೇರಿಂಗ್ ಹೋಗಿರೋ ಮೋಟಾರ್ ಇದ್ದಂಗದೆ. ಆದ್ರೆ ಓಡ್ತಾ ಅದೆ ನೋಡು’ ಎಂದು ವಾಪಸ್ ಕೊಟ್ಟರು. ಪಕ್ಕದ ಹಾಸಿಗೆಯ ಗೌರೀಶ್ ಅವರಿಗೆ ನಗು ತಡೆಯಲಾಗದೆ, ಕೈ ಅಲ್ಲಾಡಿಸಬೇಡಿ ಎಂದು ನರ್ಸ್ ಹತ್ತಿರ ಬೈಸಿಕೊಂಡರು. ಆಮೇಲೆ ನಿಮ್ಮ ಮಗ ಒಂದು ದಿನವೂ ಆ ಹಾಡು ಬೇಕೆಂದು ಕೇಳಿದವರಲ್ಲ.

ನೀವು ಹೋದಮೇಲೆ ನಾನು ಫೋನಿನಿಂದ ಹಾಡುಗಳನ್ನೆಲ್ಲ ಅಳಿಸಿದೆ. ಬೆಳಿಗ್ಗೆ ಎದ್ದು ಎರಡು ಲೋಟಕ್ಕೆ ಕಾಫಿ ಬೆರೆಸುವುದು, ಒಂದನ್ನು ಸುರಿಯುವುದು. ಬೈರಮ್ಮನವರು ಬಂದು, ‘ಎಲ್ಲಮ್ಮಾ ನಿಮ್ಮತ್ತೆ, ಕಾಣ್ತಾನೇ ಇಲ್ಲ?’ ಎಂದರೆ ಚಿಕ್ಕ ಮಗನ ಮನೆಗೆ ನಾಲ್ಕು ದಿನ ಇರಲು ಹೋಗಿದ್ದಾರೆ ಎಂದು ಸುಳ್ಳು ಹೇಳಿದೆ. ಹೋದ ಶುಕ್ರವಾರ ಯಾಕೋ ಸೀರೆ ಬದಲಿಸಿ ಆಟೋ ಹಿಡಿದು ಡಯಾಲಿಸಿಸ್‌ನವರ ಬಾಗಿಲಿಗೇ ಹೋಗಿ ಇಳಿದೆ. ಗೇಟಿನಲ್ಲಿ ಹೊಸ ಸೆಕ್ಯುರಿಟಿ, ‘ಪೇಷೆಂಟ್ ಹೆಸರೇನಮ್ಮಾ?’ ಎಂದ. ನಾರಾಯಣಪ್ಪ ಎಂದು ಬಾಯಿಗೆ ಬಂತು. ಅವನು ರಿಜಿಸ್ಟರಿನಲ್ಲಿ ಬೆರಳಾಡಿಸಿ, ‘ಆ ಹೆಸರಿನೋರು ಯಾರೂ ಇಲ್ವಲ್ಲಮ್ಮ’ ಎಂದ. ಇಲ್ಲ ಎಂದು ನನಗೆ ಗೊತ್ತಿಲ್ಲವೇ? ಆದರೂ ಅಲ್ಲೇ, ಮೆಟ್ಟಿಲ ಮೇಲೆ, ಜನ ನೋಡುತ್ತಿರುವಂತೆಯೇ ಕೂತುಬಿಟ್ಟೆ. ಮಣ್ಣು ಮಾಡಿದ ದಿನ ನೀವು, ‘ಅತ್ಬಿಡು ತಾಯಿ, ಒಳಗಿಟ್ಕೋಬೇಡ’ ಎಂದು ನನ್ನ ಬೆನ್ನಿಗೆ ಹೊಡೆದಿರಿ, ನನಗೆ ಅಳು ಬಂದಿರಲಿಲ್ಲ. ಆ ಮೆಟ್ಟಿಲ ಮೇಲೆ ಬಂತು.

ಶೈಲಜಮ್ಮನವರೇ ಬಂದು ಒಳಗೆ ಕರೆದುಕೊಂಡು ಹೋದರು. ಗಾಜಿನಾಚೆ ಇವರ ಹಾಸಿಗೆಯಲ್ಲಿ ಬೇರೆ ಯಾರೋ ಮೀಸೆಯವರು ಮಲಗಿದ್ದರು. ಆಯಮ್ಮ ಹಿಂದಿನ ಹಾಗೆಯೇ ಒಂದು ಕಿವಿಯದನ್ನು ನನಗೆ ಕೊಟ್ಟರು. ಅದೇ ಹಾಡು. ಕೇಳುತ್ತಾ ಇನ್ನೊಂದು ಕಿವಿಗೆ ಒಳಗಿನ ಮಿಷನ್ನುಗಳ ಗುಂಯ್ ಸದ್ದು ಬೀಳುತ್ತಿತ್ತು. ಆಗ ತಿಳಿಯಿತು. ಎಂಟು ತಿಂಗಳಿಂದ ಮನೆಯಲ್ಲಿ ಆ ಹಾಡು ಹಾಕಿದಾಗಲೆಲ್ಲ ಏನೋ ಕಡಿಮೆ ಇದೆ ಅನಿಸುತ್ತಿತ್ತು, ಅದಕ್ಕೇ ಜೋರು ಮಾಡುತ್ತಿದ್ದೆ, ಮತ್ತೆ ಮತ್ತೆ ಹಾಕುತ್ತಿದ್ದೆ. ಡಯಾಲಿಸಿಸ್ಸಿನ ಆ ಎರಡು ವರ್ಷವೂ ಹಾಡಿನ ಅಡಿಯಲ್ಲಿ ಈ ಸದ್ದು ಇತ್ತು. ಗೋಡೆಯಾಚೆ ಅವರಿದ್ದರು.

ಅಲ್ಲಿಂದ ಬಂದಮೇಲೆ ಹಾಡುಗಳನ್ನು ಮತ್ತೆ ಹಾಕಿಸಿಕೊಂಡೆ. ನಿಮಗೆ ಸುಳ್ಳು ಹೇಳಲಾರೆ, ಇನ್ನು ಬಿಡುವುದೂ ಇಲ್ಲ. ನಿಮ್ಮ ಪ್ರಶ್ನೆಗೆ ಉತ್ತರ: ಇಲ್ಲ ಅತ್ತೆ, ಅವರು ಹೋದದ್ದು ನನಗೆ ಹಬ್ಬವಾಗಲಿಲ್ಲ. ಆದರೆ ದೀಪಾವಳಿಯ ದಿನ ಆ ಅಡುಗೆಮನೆಯಲ್ಲಿ ನನಗೆ ಖುಷಿಯಾಗಿತ್ತು, ಅದೂ ನಿಜ. ಅದಕ್ಕೆ ನಾನು ಕ್ಷಮೆ ಕೇಳುತ್ತಿಲ್ಲ. ಕೇಳಬೇಕಾದದ್ದು ಆ ಸೋಮವಾರಗಳಿಗೆ. ಯಾರನ್ನು ಕೇಳಬೇಕೋ ಅವರು ಇಲ್ಲ. ಅವರನ್ನು ಹೆತ್ತವರು ನೀವು, ನಿಮ್ಮನ್ನು ಕೇಳುತ್ತಿದ್ದೇನೆ. ಕೊಡಲೇಬೇಕೆಂದಿಲ್ಲ.

ಅನಿಲನಿಗೂ ಅವನ ಹೆಂಡತಿಗೂ ನನ್ನ ನೆನಪು ತಿಳಿಸಿ. ಗಗನಾ ಇಲ್ಲಿದ್ದಾಗ ಚೆನ್ನಾಗಿ ಉಂಡಳು, ಸೊರಗಿದ್ದಾಳೆ ಎಂದು ಅವರಮ್ಮ ನನ್ನ ಮೇಲೆ ಹೇಳುವಂತಿಲ್ಲ. ದೂರದಿಂದಲೇ ಕಾಲಿಗೆ ಬೀಳುತ್ತೇನೆ, ತಲೆಯ ಮೇಲೆ ಕೈಯಿಡಿ.

ನಿಮ್ಮ ಸೊಸೆ,
ಅನಸೂಯ

ವಿ.ಸೂ.: ಗಗನಾ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಬಸ್ಸಿಗೆ ಹೊತ್ತಾಯಿತೆಂದು ಅವಸರ ಮಾಡುತ್ತಿದ್ದಾಳೆ. ಮೇಲೆ ಅಷ್ಟುದ್ದ ಬರೆದು ಮುಖ್ಯವಾದದ್ದನ್ನೇ ಬಿಟ್ಟೆ. ಭಾನುವಾರ ಬೆಳಗಿನ ಬಸ್ಸಿಗೆ ನಿಮ್ಮನ್ನು ಕರೆದುಕೊಂಡು ಹೋಗಲು ಬರುತ್ತಿದ್ದೇನೆ. ಬೈಯುವುದಿದ್ದರೆ ಎದುರಿಗೇ ಬೈಯಿರಿ. ಬರುವುದಿಲ್ಲ ಎಂದರೆ ಊಟ ಮಾಡಿಕೊಂಡು ಒಬ್ಬಳೇ ಹಿಂದಿರುಗುತ್ತೇನೆ, ಮುಂದಿನ ಭಾನುವಾರ ಮತ್ತೆ ಬರುತ್ತೇನೆ. ನಿಮ್ಮನ್ನು ನೋಡಿಕೊಳ್ಳುವವರು ಅಲ್ಲಿಯೂ ಇದ್ದಾರೆ, ಗೊತ್ತು. ನನಗೆ, ನಿಮ್ಮ ಮಗನ ವಿಷಯ ಮಾತಾಡಲು, ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ.